ಉತ್ತರದ ಗೋಡೆಗೊಂದು ಹೊದಿಕೆ

ಹಲೋ... ಅಪ್ಪಾ, ಎಲ್ಲಿದ್ದೀಯ? ... ಯಾರು? ಯಾರು ಮಾತಾಡ್ತಿರೋದು? ಇದು ನಮ್ಮಪ್ಪನ ಫೋನಲ್ವಾ?

... ಕೋಟು ಇಟ್ಕೊಳ್ಳೋ ಕೌಂಟರಿನವ್ರಾ? ಹಾಂ, ಗೊತ್ತಾಯ್ತು. ಬೆಳಗ್ಗೆ ನನ್ನ ಕೈಲಿ ಬೂಟಿನ ಹಿಮ ಒರೆಸಿದ್ರಲ್ಲ, ನೀವೇ. ಫೋನು ನಿಮ್ಮ ಹತ್ರ ಹೇಗೆ...

... ಕೋಟಿನ ಜೇಬಲ್ಲೇ ಹೊಡ್ಕೊಳ್ತಿತ್ತಾ? ಸದ್ಯ, ಹೋದ ಜೀವ ಬಂದಂಗಾಯ್ತು. ಕೋಟಿಲ್ದೆ ಈ ಚಳಿಗೆ ಯಾರೂ ಹೊರಗೆ ಕಾಲಿಡಲ್ವಲ್ಲ, ಒಳಗೇ ಎಲ್ಲೋ ಇರ್ತಾನೆ. ನಾನು ಮೇಲಿಂದ ಮಾತಾಡ್ತಿದ್ದೀನಿ. ನಿಮ್ಮ ಮ್ಯೂಸಿಯಂನಲ್ಲಿ ಮೆಟ್ಟಿಲೇ ಇಲ್ಲ, ಇಳಿಜಾರಲ್ಲಿ ಸುತ್ತಿ ಸುತ್ತಿ ಕಾಲು ಬಿದ್ದೋಯ್ತು. ಪ್ರಪಂಚವೆಲ್ಲ ಬಂದು ನೋಡೋ ಕಟ್ಟಡ, ನಾಲ್ಕು ಮೆಟ್ಟಿಲು ಇಡೋಕೆ ಆಗ್ಲಿಲ್ವಾ?

... ಹೂಂ, ಬಿಳಿ ಗಡ್ಡ, ಕಂದು ಸ್ವೆಟರು. ಗೋಡೆ ಕಂಡಲ್ಲೆಲ್ಲ ಅಂಗೈ ಇಟ್ಟು ನೋಡ್ತಿದ್ದ, ಅವ್ನೇ. ಈ ಕಟ್ಟಡಕ್ಕೆ ಕಾಂಕ್ರೀಟ್ ಹಾಕಿದ ಗ್ಯಾಂಗಲ್ಲಿದ್ದ. ಹಸಿ ಕಾಂಕ್ರೀಟ್ ಚಳಿಗೆ ಹೆಪ್ಪುಗಟ್ಟಿದ್ರೆ ಕೆಟ್ಟೋಗತ್ತಂತೆ. ಅದಕ್ಕೆ ಗೋಡೆಗೆ ಕಂಬಳಿ ಹೊದಿಸ್ತಿದ್ರು, ಎಳೆ ಮಗುವಿಗೆ ಹೊದಿಸಿದ ಹಾಗೆ. ಉತ್ತರದ ಗೋಡೆ ಕಾಯೋ ಕೆಲ್ಸ ಅಪ್ಪಂದು. ಕಂಬಳಿ ಸಾಲ್ದೆ ತಾನು ಹೊದ್ದಿದ್ದನ್ನೂ ತೆಗೆದು ಗೋಡೆಗೆ ಹಾಕಿದ್ನಂತೆ. ಈ ಕಥೆ ಕೇಳಿ ಕೇಳೀನೇ ನಾವು ಬೆಳೆದಿದ್ದು.

... ಇಲ್ಲ, ಜಗಳ ಅಲ್ಲ. ಉತ್ತರದ ಗೋಡೆ ಹೊರಗಡೆ ಬಿರುಕು ಬಿಟ್ಟಿದೆ, ಕಟ್ಟೋವಾಗ ಯಾರೋ ಸರಿಯಾಗಿ ಮುಚ್ಚಿರ್ಲಿಲ್ಲ ಅಂತ ಗೈಡ್ ಅಂದ್ರು. ನನ್ನ ಬಾಯಿ ಸುಮ್ನಿರ್ಬೇಕಲ್ಲ. ನೀನು ನಿದ್ದೆ ಹೊಡೆದಿರ್ಬೇಕಪ್ಪಾ ಅಂದೆ. ಎಲ್ರೂ ನಕ್ರು. ಅಪ್ಪನ ಮುಖ ಇಷ್ಟೇ ಇಷ್ಟಾಯ್ತು. ಆಮೇಲೆ ತಿರುಗಿ ನೋಡ್ತೀನಿ, ಇಲ್ಲ.

... ಏನಂದ್ರಿ? ಹಿಂದಿನ ಸಣ್ಣ ಬಾಗಿಲಿಂದ ಯಾರೋ ಹೊರಗೆ ಹೋದ್ರಾ? ... ಅದು ಕೆಲ್ಸದೋರ ಬಾಗಿಲು, ಬೆಳಗ್ಗೆ ನಂಗೆ ತೋರಿಸಿದ್ದ. ಆಗ ಅದಕ್ಕೆ ಚಿಲಕಾನೇ ಇರ್ಲಿಲ್ಲ, ಯಾವಾಗ ಬೇಕಾದ್ರೂ ಬರ್ತಿದ್ವಿ ಹೋಗ್ತಿದ್ವಿ ಅಂದಿದ್ದ.

... ಈಗ ಹೊರಗಿಂದ ತೆಗೆಯೋಕೆ ಬರಲ್ವಾ? ಅವನಿಗೆ ಅದು ಗೊತ್ತಿಲ್ಲ. ಅವನಿಗೆ ಗೊತ್ತೇ ಇಲ್ಲ.

... ತಡೀರಿ, ಗಾಜಿನ ಹತ್ರ ಬಂದೆ. ಕಾಣ್ತಿದ್ದಾನೆ. ಆ ಬಿರುಕು ಬಿಟ್ಟ ಗೋಡೆಗೇ ಒರಗಿ ನಿಂತಿದ್ದಾನೆ, ಬರೀ ಸ್ವೆಟರಲ್ಲಿ. ಬಡಿದ್ರೆ ಕೇಳಿಸ್ತಿಲ್ಲ ಅವನಿಗೆ. ನಾನು ಸುತ್ತಿ ಇಳಿದು ಬರೋಷ್ಟರಲ್ಲಿ... ಅವನ ಕೋಟು ತಗೊಂಡು ಓಡ್ತೀರಾ? ನಿಮ್ಮ ಕಾಲಿಗೆ ಬೀಳ್ತೀನಿ. ನೀವು ನನ್ನ ಕೋಟು ಹಾಕ್ಕೊಳ್ಳಿ, ಅದೂ ಅಲ್ಲೇ ಇದೆಯಲ್ಲ. ಬಾಗಿಲಿಗೆ ಏನಾದ್ರೂ ಅಡ್ಡ ಇಡಿ. ಫೋನು ಇಡಬೇಡಿ, ಆದ್ರೆ ಬೇಗ, ಅದರ ಬ್ಯಾಟರಿ ಚಳಿಗೆ ನಿಲ್ಲಲ್ಲ.

... ಹಾಂ, ಬಲಕ್ಕೆ. ಇನ್ನೂ ಮುಂದೆ. ಕಂಡ್ನಾ? ... ಮಾತು ತೊದಲ್ತಿದೆಯಾ? ಮೊದ್ಲು ಕೋಟು ಕೊಡಿ. ಕೊಟ್ರಾ? ಫೋನು ಅವನ ಕಿವಿಗೆ ಹಿಡೀರಿ.

... ಅಪ್ಪಾ, ನಾನು ಕಣಪ್ಪಾ. ... ಹೂಂ, ಗೊತ್ತು, ನೀನು ನಿದ್ದೆ ಮಾಡಿಲ್ಲ. ತಮಾಷೆಗಂದೆ, ತಪ್ಪಾಯ್ತು. ಬಿರುಕು ಆಮೇಲೆ ಇಬ್ರೂ ನೋಡೋಣ. ಈಗ ಕೋಟು ಹಾಕ್ಕೋ.

... ಹಾಂ? ಕಂಬಳಿ ಬಂತಾ ಅಂತೀಯಲ್ಲ, ಯಾವ ಕಂಬಳಿ? ಅದು ನಿನ್ನ ಕೋಟು ಅಪ್ಪಾ. ಕೈ ತೂರಿಸು. ... ಯಾಕೆ ಅಗಲಿಸ್ತಿದ್ದೀಯ ಅದನ್ನ? ... ಅಪ್ಪಾ, ಬೇಡ, ಗೋಡೆಗಲ್ಲ. ಗೋಡೆ ಯಾವತ್ತೋ ಒಣಗಿದೆ. ಅದು ನಿನಗೆ. ಅಪ್ಪಾ, ಗೋಡೆಗೆ ಹೊದಿಸ್ಬೇಡ... ಹಲೋ... ಅಪ್ಪಾ...