ಎರಡನೇ ಸಲಕ್ಕೆ ಇಳಿದ ವಿಮಾನ

ಅಧ್ಯಕ್ಷರಾದ ವೆಂಕಟೇಶಮೂರ್ತಿ ಅಂಕಲ್ ಅವರೇ, ಇಂದು ಸನ್ಮಾನ ಸ್ವೀಕರಿಸುತ್ತಿರುವ ಕ್ಯಾಪ್ಟನ್ ಮೈಥಿಲಿಯವರೇ, ಊಟದ ವಾಸನೆ ಬರುತ್ತಿದ್ದರೂ ಎದ್ದು ಹೋಗದ ಸಭಿಕರೇ,

ಸ್ವಂತ ಅಕ್ಕನನ್ನು ‘ಅವರೇ’ ಎಂದು ಕರೆದದ್ದು ಇದೇ ಮೊದಲು. ಅವಳು ನಗುತ್ತಿದ್ದಾಳೆ. ನಗಲಿ.

ಆಲ್ಪ್ಸ್ ಪರ್ವತಗಳ ನಡುವಿನ ಒಂದು ಕಣಿವೆಯಲ್ಲಿ ಪುಟ್ಟ ವಿಮಾನ ನಿಲ್ದಾಣವಿದೆ. ನಮ್ಮ ಚಾಂಗಿ ವಿಮಾನ ನಿಲ್ದಾಣದ ಒಂದು ಮೂಲೆಯಲ್ಲಿ ಅದನ್ನು ಮಡಿಸಿ ಇಡಬಹುದು. ಬೇಲಿಯಾಚೆ ದನಗಳು ಮೇಯುತ್ತಿರುತ್ತವಂತೆ. ಎರಡೂ ಕಡೆ ಬೆಟ್ಟದ ಗೋಡೆ. ಗೊತ್ತುಪಡಿಸಿದ ಜಾಗಕ್ಕೆ ಬಂದಾಗ ರನ್‌ವೇ ಕಾಣದಿದ್ದರೆ ಇಳಿಯುವಂತಿಲ್ಲ. ಮೇಲೇರಿ, ಸುತ್ತಿಕೊಂಡು ಮತ್ತೆ ಬರಬೇಕು. ಈ ನಿಯಮ ನಮ್ಮಲ್ಲಿ ಯಾರಿಗೆ ಗೊತ್ತಿತ್ತು?

ಅಕ್ಕ ಕ್ಯಾಪ್ಟನ್ ಆಗಿ ಮೊದಲ ಸಲ ಅಲ್ಲಿಗೆ ಹಾರಿದ ದಿನ, ಪುಂಗೋಲ್‌ನ ನಮ್ಮ ಫ್ಲ್ಯಾಟುಗಳ ಕೆಳಗಿನ ತೆರೆದ ಹಜಾರವಾದ ವಾಯ್ಡ್ ಡೆಕ್‌ನಲ್ಲಿ ಅರ್ಧ ಕನ್ನಡ ಸಂಘವೇ ಸೇರಿತ್ತು. ವಿಮಾನಗಳ ಜಾಡು ತೋರಿಸುವ ಆಪ್ ನಮ್ಮಪ್ಪ ಪುಟ್ಟಸ್ವಾಮಿಯವರ ಫೋನಿನಲ್ಲಿತ್ತು, ಮೈಸೂರು ಪಾಕಿನ ಡಬ್ಬ ಹಂಸಾ ಆಂಟಿಯ ಕೈಯಲ್ಲಿತ್ತು. ಪರದೆಯ ಮೇಲಿನ ಹಳದಿ ವಿಮಾನ ಕಣಿವೆಗೆ ಬಂತು, ಇನ್ನೇನು ಇಳಿಯಿತು ಎನ್ನುವಾಗ ಮೇಲೇರಿ ಹಿಂದಕ್ಕೆ ತಿರುಗಿತು.

“ಯಾಕ್ರೀ ಪುಟ್ಟಸ್ವಾಮಿ, ಫೇಲ್ ಆಗ್ಬಿಟ್ಲಾ?” ಎನ್ನುತ್ತಾ ಆಂಟಿ ಡಬ್ಬದ ಮುಚ್ಚಳ ಹಾಕಿದರು.

ಅಪ್ಪ, ಪೈಲಟ್ ಆಗುವುದು ಬೇಡವೆಂದು ಅವಳ ಜೊತೆ ವರ್ಷಗಟ್ಟಲೆ ಮಾತು ಬಿಟ್ಟಿದ್ದವರು... ಇದನ್ನು ಇಲ್ಲಿ ಹೇಳಬಾರದಿತ್ತೇನೋ. ಫೋನು ಕೈಜಾರಿದರೆ ಅವಳೇ ಬೀಳುತ್ತಾಳೆ ಎನ್ನುವಂತೆ ಅದನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು.

ಅಷ್ಟರಲ್ಲಿ ಸಂಘದ ವಾಟ್ಸ್‌ಆಪ್ ಗ್ರೂಪ್‌ನಲ್ಲಿ ಸಾಂತ್ವನ ಶುರುವಾಯಿತು. “ಬೇಜಾರ್ ಮಾಡ್ಕೋಬೇಡಿ ಸಾರ್, ನೆಕ್ಸ್ಟ್ ಟೈಮ್ ಕ್ಲಿಯರ್ ಮಾಡ್ತಾಳೆ” ಎಂದು ಮೊದಲು ಬರೆದವರು ಯಾರು? ಇಂದಿನ ಅಧ್ಯಕ್ಷರು. ಪಾಪ, ಅವಳಿನ್ನೂ ಗಾಳಿಯಲ್ಲೇ ಇದ್ದಳು.

ಹಳದಿ ವಿಮಾನ ಬೆಟ್ಟಗಳನ್ನು ಸುತ್ತಿತು. ಮತ್ತೆ ಕಣಿವೆಗೆ ಬಂತು. ಇಳಿಯಿತು.

ಅಪ್ಪ ಆಂಟಿಯ ಡಬ್ಬದ ಮುಚ್ಚಳ ತೆಗೆದರು. ಗ್ರೂಪ್‌ನ ಸಾಂತ್ವನಗಳು ಒಂದೊಂದಾಗಿ ಡಿಲೀಟ್ ಆದವು.

ಅಕ್ಕ ಫೋನ್ ಮಾಡಿದಾಗ ಅಪ್ಪ ಕೇಳಿದ್ದು ಒಂದೇ ಮಾತು. “ಹೆದ್ರಿಕೆ ಆಗ್ಲಿಲ್ವೇನಮ್ಮ?”

“ಮೋಡ ಇತ್ತು ಅಪ್ಪ. ಕಾಣ್ಲಿಲ್ಲ, ವಾಪಸ್ ಹೋದೆ. ಕಾಣ್ತು, ಇಳಿದೆ. ಅಷ್ಟೇ.”

ಸಭಿಕರೇ, ಕಳೆದ ರಾಜ್ಯೋತ್ಸವದಲ್ಲಿ ಇದೇ ಮೈಕಿನ ಮುಂದೆ ನಿಂತು, ತುಟಿ ಬಿಚ್ಚದೆ ಹಿಂದಿರುಗಿದ ಹುಡುಗಿಯನ್ನು ನೀವು ಮರೆತಿಲ್ಲ ತಾನೇ? ಸಾಹಿತ್ಯ ಓದಿದವಳಿಗೆ ಮಾತೇ ಬರುವುದಿಲ್ಲವೇ ಎಂದು ಅಂದು ನೀವು ನಕ್ಕಿರಿ. ಅಂದು ನನಗೆ ನಿಮ್ಮಲ್ಲಿ ಒಬ್ಬರ ಮುಖವೂ ಕಾಣಲಿಲ್ಲ. ಇಂದು ಕೊನೆಯ ಸಾಲಿನವರೆಗೂ ಕಾಣುತ್ತಿದೆ. ಅಲ್ಲಿ ಅಪ್ಪ ನನ್ನ ವಿಡಿಯೋ ಮಾಡುತ್ತಿದ್ದಾರೆ, ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು.

ಅಪ್ಪ, ಇನ್ನು ಕೈ ಸಡಿಲ ಬಿಡಿ. ಇಳಿದಾಯಿತು.

ನನಗೆ ಎರಡನೇ ಸಲ ಮೈಕು ಕೊಟ್ಟ ನಿಮಗೆಲ್ಲ ಧನ್ಯವಾದ. ಹಂಸಾ ಆಂಟಿ, ಮುಚ್ಚಳ ತೆಗೆಯಬಹುದು. ನಮಸ್ಕಾರ.