ಎರಡನೆಯ ಚಿತ್ರ

ಸಭೆಯ ಅಧ್ಯಕ್ಷರಾದ ನಮ್ಮ ಆಸ್ಪತ್ರೆಯ ನಿರ್ದೇಶಕರೇ, ವೇದಿಕೆಯ ಮೇಲಿರುವ ಹಿರಿಯ ವೈದ್ಯರೇ, ನನ್ನಲ್ಲಿ ಇಲ್ಲದ ಗುಣಗಳನ್ನೆಲ್ಲ ಹುಡುಕಿ ಹೊಗಳಿದ ಸಹೋದ್ಯೋಗಿಗಳೇ, ಕೆಲಸ ಬಿಟ್ಟು ಬಂದು ಕುಳಿತಿರುವ ಸಭಿಕರೇ. ಈಗಷ್ಟೇ ಮುಂದಿನ ಸಾಲಿನಲ್ಲಿ ನೀರಿನ ಗ್ಲಾಸು ಬಿದ್ದು ಒಡೆಯಿತಲ್ಲ, ಯಾರೂ ಗಾಬರಿಯಾಗಬೇಡಿ. ಚೂರುಗಳನ್ನು ಆಗಲೇ ಗುಡಿಸಿದ್ದಾರೆ. ಅಲ್ಲಿ ಕುಳಿತವರು ನೋಡಿಕೊಂಡು ಕಾಲಿಡಿ, ಅಷ್ಟೇ.

ಇವತ್ತು ನನ್ನ ನಿವೃತ್ತಿ, ಅವಧಿಗೆ ಮುಂಚೆ ನಾನೇ ಕೇಳಿ ಪಡೆದದ್ದು. ಇಷ್ಟು ವರ್ಷ ನಾನು ಮಾಡಿದ್ದಾದರೂ ಏನು? ಕತ್ತಲೆ ಕೋಣೆಯಲ್ಲಿ ಕುಳಿತು ಜನರ ಕಣ್ಣಿನ ಹಿಂಭಾಗದ ಚಿತ್ರ ತೆಗೆದೆ. "ಗಲ್ಲ ಇಲ್ಲಿಡಿ, ಹಣೆ ಮುಂದಕ್ಕೆ ಒತ್ತಿ, ಹಸಿರು ಚುಕ್ಕೆ ನೋಡಿ, ರೆಪ್ಪೆ ಬಡೀಬೇಡಿ." ಇದನ್ನು ನಾನು ನಿದ್ದೆಯಲ್ಲೂ ಹೇಳುತ್ತೇನೆಂದು ಯಜಮಾನರ ದೂರು. ಎಂತೆಂಥ ದೊಡ್ಡ ಅಧಿಕಾರಿಗಳು ನನ್ನೆದುರು ತೆಪ್ಪಗೆ ಗಲ್ಲ ಇಟ್ಟು ಕುಳಿತಿದ್ದಾರೆ! ಮನೆಯವರು ಮಾತ್ರ ನನ್ನ ಮಾತಿಗೆ ಸೊಪ್ಪು ಹಾಕಲಿಲ್ಲ.

ಕಣ್ಣಿನ ಹಿಂಭಾಗದಲ್ಲಿ ರೆಟಿನಾ ಎಂಬ ಪರದೆ ಇದೆ. ನರವು ಮೆದುಳಿಗೆ ಹೊರಡುವ ಜಾಗ ಅದರ ಮೇಲೆ ದುಂಡಗೆ, ತಿಳಿ ಬಣ್ಣದಲ್ಲಿ ಕಾಣುತ್ತದೆ. ನಡುವೆ ಸಣ್ಣದೊಂದು ಗುಳಿ, ಸುತ್ತ ನರದ ಎಳೆಗಳ ಅಂಚು. ಗ್ಲಾಕೋಮಾ ಎಂಬ ಕಾಯಿಲೆ ಬಂದರೆ ಎಳೆಗಳು ಸಾಯುತ್ತವೆ, ಅಂಚು ಸವೆಯುತ್ತದೆ, ಗುಳಿ ಅಗಲವಾಗುತ್ತದೆ. ಸಾಮಾನ್ಯವಾಗಿ ನೋವಿಲ್ಲ, ಕೆಂಪಿಲ್ಲ. ಕಣ್ಣಿನ ಒತ್ತಡ ಸರಿಯಿದ್ದವರಿಗೂ ಬರಬಹುದು. ನೇರ ನೋಟ ಚೆನ್ನಾಗಿಯೇ ಇರುತ್ತದೆ, ಪಕ್ಕದ ನೋಟ ಸದ್ದಿಲ್ಲದೆ ಹೋಗುತ್ತದೆ. ಹೋದದ್ದು ಹೋಯಿತು. ಉಳಿದದ್ದನ್ನು ಔಷಧಿ ಹಾಕಿ ಕಾಪಾಡಿಕೊಳ್ಳಬಹುದು. ಆದರೆ ಒಂದೇ ಚಿತ್ರ ನೋಡಿ ಹೇಳುವುದು ಕಷ್ಟ, ಏಕೆಂದರೆ ಕೆಲವರಿಗೆ ಹುಟ್ಟಿನಿಂದಲೇ ಗುಳಿ ದೊಡ್ಡದು. ಹಳೆಯ ಚಿತ್ರದ ಪಕ್ಕ ಹೊಸದನ್ನು ಇಟ್ಟಾಗ ತಾನೇ ಎಷ್ಟು ಸವೆದಿದೆ ಎಂದು ಗೊತ್ತಾಗುವುದು?

ನನ್ನ ಅಪ್ಪ ದರ್ಜಿ. "ಈ ಬಲ್ಬು ಸರಿಯಿಲ್ಲ, ಬೆಳಕೇ ಸಾಲ್ದು" ಎನ್ನುತ್ತಿದ್ದರು. ನಾವು ದೊಡ್ಡ ಬಲ್ಬು ತಂದೆವು. ಸಾಲದು. ಇನ್ನೂ ದೊಡ್ಡದು ತಂದೆವು. ಅಣ್ಣ ಸ್ಟೂಲು ಹತ್ತುವುದು, ನಾನು ಹಿಡಿದುಕೊಳ್ಳುವುದು, ಬಲ್ಬು ಬದಲಾಯಿಸಿದ್ದೇ ಬದಲಾಯಿಸಿದ್ದು. ಕೋಣೆಯಲ್ಲಿ ಕಣ್ಣು ಕೋರೈಸುವಷ್ಟು ಬೆಳಕು, ಅಪ್ಪ ಮಾತ್ರ ಕತ್ತರಿಗಾಗಿ ಮೇಜು ತಡವುತ್ತಿದ್ದರು. ಬಲ್ಬಿನ ಅಂಗಡಿಗೆ ಹೋದ ಹಾಗೆ ಕಣ್ಣಿನ ವೈದ್ಯರ ಹತ್ತಿರ ಹೋಗಬೇಕೆಂದು ಯಾರಿಗೆ ಹೊಳೆಯಬೇಕು? ಅಪ್ಪನಿಗಿದ್ದದ್ದು ಗ್ಲಾಕೋಮಾ, ಅದು ರಕ್ತಸಂಬಂಧದಲ್ಲಿ ಬರಬಹುದಾದ ಕಾಯಿಲೆ ಎಂದು ಇಲ್ಲಿಗೆ ಸೇರಿದ ಮೇಲೆ ತಿಳಿಯಿತು. ನನ್ನ ಚಿತ್ರವನ್ನು ತಪ್ಪದೆ ತೆಗೆಸುತ್ತೇನೆ. ಸದ್ಯ, ಚೆನ್ನಾಗಿದೆ.

ಇರಲಿ. ಒಬ್ಬ ಬಸ್ ಚಾಲಕರ ಉದಾಹರಣೆ ಹೇಳುತ್ತೇನೆ. ಯಾರು ಏನು ಎಂಬುದು ಬೇಡ. ಈ ಕೆಲಸ ಕಲಿಯುವಾಗ ನಾವೆಲ್ಲ ಅಭ್ಯಾಸಕ್ಕೆಂದು ಗುರುತಿನವರನ್ನು ಹಿಡಿದು ತರುತ್ತೇವೆ. ಹಾಗೆ ಅವರನ್ನೂ ಕೂರಿಸಿದ್ದೆ. ವೈದ್ಯರು ಚಿತ್ರ ನೋಡಿ, "ಗುಳಿ ಸ್ವಲ್ಪ ದೊಡ್ಡದಿದೆ. ಕಾಯಿಲೆ ಅನ್ನೋ ಹಾಗಿಲ್ಲ. ವರ್ಷಕ್ಕೊಂದ್ಸಲ ಬರ್ತಾ ಇರಿ" ಎಂದರು. ಅವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಕರೆದಾಗಲೆಲ್ಲ ಒಂದೇ ಉತ್ತರ, "ಎದುರಿಗೆ ಬರೋ ಬಸ್ಸಿನ ಬೋರ್ಡು ನಿನಗಿಂತ ಮುಂಚೆ ಓದ್ತೀನಿ, ಹೋಗೇ!" ಬೋರ್ಡು ಎದುರಿಗಿರುತ್ತದೆ ಸ್ವಾಮಿ, ಸೈಕಲ್ಲು ಪಕ್ಕದಿಂದ ಬರುತ್ತದೆ. ಕಾಯಿಲೆ ಅಂದರೆ ಎಲ್ಲಿ ಸ್ಟಿಯರಿಂಗ್ ಕಿತ್ತುಕೊಳ್ಳುತ್ತಾರೋ ಎಂಬ ಹೆದರಿಕೆ. ಹೆದರುವುದು ತಪ್ಪೇ? ಅಲ್ಲವೇ ಅಲ್ಲ. ಆದರೆ ಆ ಬಸ್ಸಿನಲ್ಲಿ ಶಾಲೆಯ ಮಕ್ಕಳು ಕೂರುತ್ತಾರೆ. ಮೊನ್ನೆ ಡಿಪೋದ ಗೇಟಿಗೆ ಬಸ್ಸಿನ ಎಡಭಾಗ ಉಜ್ಜಿಕೊಂಡು ಹೋಯಿತಂತೆ. "ಗೇಟೇ ಇಕ್ಕಟ್ಟು" ಎಂದರಂತೆ. ಅತ್ತಿಗೆ ಫೋನಿನಲ್ಲಿ ಅಳುತ್ತಾ ಹೇಳಿದರು...

ಅಯ್ಯೋ. ಅತ್ತಿಗೆ ಅಂದುಬಿಟ್ಟೆ.

ಇನ್ನು ಮುಚ್ಚಿಟ್ಟು ಏನು ಪ್ರಯೋಜನ? ಆ ಚಾಲಕರು ನನ್ನ ಅಣ್ಣ. ಮುಂದಿನ ಸಾಲಿನಲ್ಲೇ ಇದ್ದಾರೆ. ಅತ್ತಿಗೆ, ಬಾಯಿಬಿಡುವುದಿಲ್ಲ ಎಂದು ನಿಮಗೆ ಮಾತು ಕೊಟ್ಟಿದ್ದೆ, ಕ್ಷಮಿಸಿ. ನಾಳೆ ಬೆಳಗ್ಗೆ ಅಣ್ಣನಿಗೆ ಡ್ಯೂಟಿ ಇದೆ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಮುಗಿಸಿಬಿಡುತ್ತೇನೆ ಸರ್.

ಅಣ್ಣಾ, ಎದ್ದು ಹೋಗ್ಬೇಡ. ಬೈಯೋದಿದ್ರೆ ಮನೆಗೆ ಬಂದು ಬೈಸ್ಕೋತೀನಿ. ಆ ಗ್ಲಾಸು ನಿನ್ನ ಎಡಗೈ ಪಕ್ಕದಲ್ಲೇ ಇತ್ತು. ಏನೋ ಅಜಾಗರೂಕತೆ ಅಂತ ಇವರೆಲ್ಲ ಅಂದ್ಕೊಂಡಿದ್ದಾರೆ. ನಿನಗೆ ಅದು ಕಾಣ್ಲೇ ಇಲ್ಲ, ಅಲ್ವಾ? ಒಡೆದ ಮೇಲೆ ನೀನು ಅಂದಿದ್ದು ಇಲ್ಲಿ ವೇದಿಕೆ ತುದೀಲಿ ಕೂತಿದ್ದ ನನಗೆ ಕೇಳಿಸ್ತು. "ಈ ಹಾಲ್‌ನಲ್ಲಿ ಬೆಳಕೇ ಸಾಲ್ದು" ಅಂದೆ. ಅಪ್ಪನೇ ಅಂದ ಹಾಗಾಯ್ತಣ್ಣ. ಒಂದ್ಸಲ ತಲೆ ಎತ್ತಿ ನೋಡು, ಎಷ್ಟು ಲೈಟ್ ಉರೀತಿವೆ!

ಕೆಲಸ ಉಳಿಯುತ್ತೋ ಇಲ್ವೋ ನನಗೆ ಗೊತ್ತಿಲ್ಲ, ಸುಳ್ಳು ಹೇಳಲ್ಲ. ನೋಟ ಉಳಿಸ್ಕೊಳ್ಳೋಕೆ ಇನ್ನೂ ಟೈಮಿದ್ರೆ ಅದನ್ನ ಕೈಯಾರೆ ಕಳ್ಕೋಬೇಡ. ಯಂತ್ರ ಆನ್ ಮಾಡಿಟ್ಟೇ ಬಂದಿದ್ದೀನಿ. ಪರದೆ ಮೇಲೆ ನಿನ್ನ ಹಳೇ ಚಿತ್ರ ಇದೆ, ಅದರ ಪಕ್ಕದ ಜಾಗ ಖಾಲಿ ಇದೆ. ನನ್ನ ಕೈಯಿಂದ ತೆಗೆಯೋ ಕೊನೇ ಚಿತ್ರ ನಿಂದೇ ಆಗ್ಲಿ. ಬರ್ತೀಯಾದ್ರೆ ಬಾಯಲ್ಲಿ ಹೇಳೋದೂ ಬೇಡ, ಸುಮ್ನೆ ಕೂತ್ಕೋ ಸಾಕು.

ಕುಳಿತರು. ಸಭಿಕರೇ, ನನ್ನ ಅಣ್ಣ ಕುಳಿತುಕೊಂಡರು.

ಸನ್ಮಾನ ಮಾಡಿದ ಆಸ್ಪತ್ರೆಗೆ, ಮನೆಯ ಮಾತನ್ನು ತಂದು ಸಭೆಯಲ್ಲಿಟ್ಟರೂ ತಾಳ್ಮೆಯಿಂದ ಕೇಳಿದ ನಿಮಗೆ ಕೃತಜ್ಞಳಾಗಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಎಲ್ಲರಿಗೂ ನಮಸ್ಕಾರ.

ಅಣ್ಣಾ, ಅಲ್ಲೇ ಇರು. ಮೆಟ್ಟಿಲು ಇರೋದು ನಿನ್ನ ಎಡಗಡೆ. ಆ ಕಡೆಯಿಂದಾನೇ ಬರ್ತಿದ್ದೀನಿ, ಬೆಚ್ಚಿಬೀಳ್ಬೇಡ.