ಎಲ್ಲದಕ್ಕೂ ಒಂದೇ ಯೆಸ್

ನಾನು ಲೋಲಾಕ್ಷಿ, ಕೋಂ ಶಂಭು, ಪ್ರಾಯ 38 ವರ್ಷ, ಉದ್ಯೋಗ ಫೋಟೋ ಸ್ಟುಡಿಯೋ, ವಾಸ ಮಡಂತ್ಯಾರು ಪೇಟೆ, ಬೆಳ್ತಂಗಡಿ ತಾಲೂಕು. ಕಕ್ಕಿಂಜೆಯ ಅಬ್ದುಲ್ ರಹಿಮಾನ್ ಅವರು ನನ್ನ ಮೇಲೆ ಕೊಟ್ಟ ದೂರಿನ ಬಗ್ಗೆ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ,

ದಿನಾಂಕ 12-5-2006ರಂದು ಸಂಜೆ ಅವರ ಮಗಳು ಫಾಯಿಝಾಳ ಮದುವೆಯ ಮದರಂಗಿಗೆ ಫೋಟೋ ತೆಗೆಯಲು ಹೋಗಿದ್ದೆ. ಹೆಂಗಸರ ಕೋಣೆಗೆ ಗಂಡಸರ ಕ್ಯಾಮರಾ ಬರುವಂತಿಲ್ಲವಾದ್ದರಿಂದ ಆ ಭಾಗದ ಮನೆಗಳಿಗೆ ನನ್ನನ್ನೇ ಕರೆಯುತ್ತಾರೆ. ಫೋಟೋಗಳನ್ನು ಸಿಡಿಗೆ ಹಾಕಿ ಆದ ಮೇಲೆ ಮನೆಯವರೊಬ್ಬರು ಅಂಗಡಿಗೆ ಬಂದು, ಕಂಪ್ಯೂಟರಿನಲ್ಲಿ ಉಳಿದಿರುವುದನ್ನು ತಮ್ಮ ಕೈಯಿಂದಲೇ ಅಳಿಸಿ ಹೋಗುವುದು ರೂಢಿ. ಆ ನಂಬಿಕೆಯಿಂದಲೇ, ಹುಟ್ಟಿದಂದಿನಿಂದ ಕ್ಯಾಮರಾಕ್ಕೆ ಮುಖ ಕೊಡದ ಅಜ್ಜಿ ಅವ್ವಮ್ಮ ಅಂದು ಮೊಮ್ಮಗಳ ಪಕ್ಕ ಕುಳಿತರು. ಅಳಿಸುವುದು ಖಂಡಿತವಲ್ಲವೇ ಎಂದು ಎರಡು ಸಲ ಕೇಳಿದರು. ಖಂಡಿತ ಎಂದೆ.

ನನ್ನ ಅಂಗಡಿಯ ಸಾಫ್ಟ್‌ವೇರನ್ನು ಮಾಡಿಕೊಟ್ಟವರು ಮೂಡುಬಿದಿರೆಯ ಸುಧಾಕರ. ಅದು ಪ್ರತಿಯೊಂದಕ್ಕೂ ಒಂದೇ ಬೂದು ಚೌಕ ತೋರಿಸುತ್ತದೆ. ಒಳಗೆ ಇಂಗ್ಲಿಷಿನಲ್ಲಿ ಇರುವೆ ಹರಿದಂಥ ಎರಡು ಸಾಲು, ಕೆಳಗೆ ಯೆಸ್ ಮತ್ತು ನೋ. ಫೋಟೋ ತಿರುಗಿಸಲೂ ಯೆಸ್, ಪೂರ್ತಿ ಅಳಿಸಲೂ ಯೆಸ್. ದಿನಕ್ಕೆ ನೂರು ಸಲ ಕೇಳಿದರೆ ಯಾರು ಓದುತ್ತಾರೆ? ಗುಂಡಿಯ ಮೇಲೆಯೇ ‘ಅಳಿಸು’, ‘ಉಳಿಸು’ ಎಂದು ಹಾಕಿಕೊಡಿ ಎಂದು ನಾನು ಹೇಳಿ ಹೇಳಿ ಸಾಕಾಗಿತ್ತು. “ಎಲ್ಲ ಕಡೆ ಹೀಗೇ ಉಂಟು ಅಕ್ಕ, ಓದಿ ಒತ್ತಿದ್ರೆ ಆಯ್ತಲ್ಲ ಮಾರಾಯ್ರೆ” ಎಂದು ಅವರು ನಕ್ಕಿದ್ದರು.

ದಿನಾಂಕ 22-5-2006ರಂದು ಬೆಳಿಗ್ಗೆ 11.20ಕ್ಕೆ ಫಾಯಿಝಾಳ ಅಣ್ಣ ಸುಹೈಬ್ ಬಂದರು. ನಾನು ಫೋಟೋಗಳನ್ನು ಸಿಡಿಗೆ ಹಾಕಲು ಕಂಪ್ಯೂಟರಿಗೆ ಕೊಟ್ಟು, ರೂಢಿಯಂತೆ ಕುರ್ಚಿ ಬಿಟ್ಟುಕೊಟ್ಟೆ. ಸಿಡಿ ಅರ್ಧದಲ್ಲೇ ಕೆಟ್ಟು ನಿಂತಿತು. ಕೂಡಲೇ ಚೌಕ ಬಂತು. ಸಿಡಿ ಆಗಿಲ್ಲ, ಆದರೂ ಕಂಪ್ಯೂಟರಿನಿಂದ ಅಳಿಸಬೇಕೇ ಎಂದು ಅದರಲ್ಲಿತ್ತು. ಅಳಿಸಲು ತಾವು ಒತ್ತಬೇಕಾದ ಚೌಕ ಇದೇ ಎಂದುಕೊಂಡ ಸುಹೈಬ್, ನಾನು “ನಿಲ್ಲಿ, ಓದುವ” ಎನ್ನುವಷ್ಟರಲ್ಲಿ ಯೆಸ್ ಒತ್ತಿಬಿಟ್ಟಿದ್ದರು. ಕ್ಯಾಮರಾದ ಕಾರ್ಡು ಅಷ್ಟರಲ್ಲಿ ಬೇರೆ ಮದುವೆಗೆ ಬಳಕೆಯಾಗಿತ್ತು.

ಸುಧಾಕರ ಮಧ್ಯಾಹ್ನ ಬಂದು ನೋಡಿ, ಮರಳಿ ಸಿಗುವುದಿಲ್ಲ ಎಂದರು. ಒಮ್ಮೆ ಅಳಿಸಿದ್ದು ಯಾರ ಕೈಗೂ ಸಿಗಬಾರದೆಂದು ಹಾಗೆ ಮಾಡಿಸಿದ್ದು ನಾನೇ. ಅವರು ಕೆಟ್ಟ ಸಿಡಿಯನ್ನು ಬೆಳಕಿಗೆ ಹಿಡಿದು, ಓದಬೇಕಿತ್ತು ಅಕ್ಕ ಎಂದರು. ನನಗೆ ಮೈ ಉರಿಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಈಗ ಫಾಯಿಝಾ ಮದುವೆಯಾಗಿ ವಿದೇಶಕ್ಕೆ, ದಮ್ಮಾಮಿಗೆ ಹೋಗಿದ್ದಾಳೆ. ಅಜ್ಜಿಯ ಜೊತೆಗಿನ ಫೋಟೋ ಎಲ್ಲಿ ಎಂದು ಫೋನಿನಲ್ಲಿ ಅಳುತ್ತಾಳಂತೆ. ಅವ್ವಮ್ಮ ಇನ್ನೊಮ್ಮೆ ಕುಳಿತುಕೊಳ್ಳಲು ಒಪ್ಪುತ್ತಿಲ್ಲ. ನಾನು ಫೋಟೋಗಳನ್ನು ಅಡಗಿಸಿಟ್ಟು ಹಾಳು ಸಿಡಿ ಮಾಡಿದೆನೆಂದು ಅಬ್ದುಲ್ ರಹಿಮಾನ್ ಅವರು ಹೇಳುತ್ತಿದ್ದಾರೆ. ಹೆಂಗಸರ ಕೋಣೆಗೆ ನನ್ನನ್ನು ಇನ್ನು ಯಾರು ಬಿಡುತ್ತಾರೆ?

ಕಂಪ್ಯೂಟರನ್ನು ವಶಕ್ಕೆ ಪಡೆಯಲು ನನ್ನ ಅಭ್ಯಂತರವಿಲ್ಲ. ಮೂಲೆ ಮೂಲೆ ಹುಡುಕಿಸಿ. ಅವ್ವಮ್ಮನವರ ಒಂದು ಫೋಟೋ ಸಿಕ್ಕಿದರೂ ನಾನು ಕಳ್ಳಿ ಎಂದಾಗುತ್ತದೆ. ಆದರೂ ಸಿಗಲಿ ಎಂದೇ ನನ್ನ ಆಸೆ.

ಮೇಲೆ ಬರೆದದ್ದು ನಾನು ಹೇಳಿದಂತೆಯೇ ಇದ್ದು, ಸತ್ಯವಾಗಿರುತ್ತದೆ. ಇದನ್ನು ಬರೆದುಕೊಂಡ ಠಾಣೆಯ ರೈಟರು ಬೆರಳು ತೋರಿಸಿದಲ್ಲಿ ಕೂಡಲೇ ಸಹಿ ಮಾಡದೆ, ಪೂರ್ತಿ ಓದಿಸಿಕೊಂಡು, ಯಾವುದಕ್ಕೆ ಒಪ್ಪುತ್ತಿದ್ದೇನೆಂದು ತಿಳಿದ ಮೇಲೆಯೇ ಹಾಕಿದ್ದೇನೆ.

ಸ್ಥಳ: ಬೆಳ್ತಂಗಡಿ
ದಿನಾಂಕ: 9-6-2006
ಸಹಿ: ಲೋಲಾಕ್ಷಿ